ಯೆಜ್ಡಿಯ ಕವರನ್ನು ಹಿತ್ತಲಲ್ಲೇ ಎರಕ ಹೊಯ್ದೆ

ಚೈನ್ ಹರಿದು ನನ್ನ ಹಳೇ ಯೆಜ್ಡಿ ಬೈಕಿನ ಬಲಗಡೆ ಎಂಜಿನ್ ಕವರನ್ನು ಮೂರು ಹೋಳು ಮಾಡಿತ್ತು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದೆ. ಗುಜರಿಯಲ್ಲಿ ಸಿಕ್ಕಿದ್ದೆಲ್ಲ ವೆಲ್ಡಿಂಗ್ ಮಾಡಿದ ಕವರುಗಳೇ. ಹಾಗಾಗಿ ದಾವಣಗೆರೆಯ ನಮ್ಮ ಹಿತ್ತಲಲ್ಲೇ ಕುಲುಮೆ ಕಟ್ಟಿದೆ. ಹಳೇ ಡಬ್ಬ, ಒಳಗೆ ಬೆಂಕಿಮಣ್ಣು, ಇದ್ದಿಲು, ಒಂದು ಬ್ಲೋವರ್. ಅಷ್ಟೇ.

ಹೋಳುಗಳನ್ನು ಎಂ-ಸೀಲ್ ಹಾಕಿ ಅಂಟಿಸಿ, ಅದನ್ನೇ ಪ್ಯಾಟರ್ನ್, ಅಂದರೆ ಮರಳಲ್ಲಿ ಅಚ್ಚು ಒತ್ತುವ ಮಾದರಿ, ಮಾಡಿಕೊಂಡೆ. ಮೊದಲ ಎರಕ ನೋಡೋಕೆ ಚೆನ್ನಾಗಿಯೇ ಬಂತು. ಎಂಜಿನ್ನಿಗೆ ಕೂರಿಸಿದರೆ ಒಂದು ಸ್ಕ್ರೂ ತೂತೂ ಸೇರಲಿಲ್ಲ! ಅಲ್ಯೂಮಿನಿಯಂ ಆರುವಾಗ ಒಂದಡಿ ಉದ್ದಕ್ಕೆ ಸುಮಾರು 4 ಮಿ.ಮೀ. ಕುಗ್ಗುತ್ತದೆ.

ಹರಿಹರದ ಫೌಂಡ್ರಿಯಲ್ಲಿ ದುಡಿದ ಅಜ್ಜ ಒಬ್ಬರಿಗೆ ತೋರಿಸಿದೆ. ‘ಅಂಚಿಗೆ ಸುತ್ತಲೂ ಎರಡು ಮಿಲಿ ಪುಟ್ಟಿ ಕಟ್ಟಪ್ಪಾ. ಸ್ಕ್ರೂ ಜಾಗ ದಪ್ಪ ಮಾಡು. ತೂತು ಮುಚ್ಚಿಬಿಡು, ಆಮೇಲೆ ಕೊರೆಯೋಣ’ ಎಂದರು. ಅಚ್ಚಿನ ಮರಳನ್ನೂ ಅವರೇ ಹದ ಮಾಡಿಸಿದರು. ಸಣ್ಣ ಜರಡಿ ಹಿಡಿದ ಮರಳು, ಹತ್ತು ಪಾಲಿಗೆ ಒಂದು ಪಾಲು ಬೆಂಟೋನೈಟ್ ಎಂಬ ಅಂಟು ಜೇಡಿಮಣ್ಣು, ಮೇಲೆ ಚಿಮುಕಿಸುವಷ್ಟೇ ನೀರು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಗುರುತು ನಿಲ್ಲಬೇಕು. ಮುರಿದರೆ ಪುಡಿಯಾಗದೆ ಎರಡೇ ಹೋಳಾಗಬೇಕು. ನೀರು ಜಾಸ್ತಿಯಾದರೆ ಹೊಯ್ಯುವಾಗ ಹಬೆ ಎದ್ದು ಲೋಹ ಮುಖಕ್ಕೇ ಸಿಡಿಯುತ್ತದೆ. ಸಿಮೆಂಟ್ ನೆಲದ ಮೇಲೂ ಹೊಯ್ಯಬೇಡಿ. ಕೆಳಗೆ ಒಣ ಮರಳು ಹಾಸಿಕೊಳ್ಳಿ.

ಕರಗಿಸಲು ಹಳೇ ಪಿಸ್ಟನ್ ಒಳ್ಳೆಯದು. ಸಿಲಿಕಾನ್ ಇರುವುದರಿಂದ ಚೆನ್ನಾಗಿ ಹರಿದು ತೆಳು ಜಾಗಕ್ಕೂ ತುಂಬುತ್ತದೆ. ಪಿನ್ನು, ರಿಂಗು ತೆಗೆದು, ಬಿಸಿಮಾಡಿ ತೇವ ಆರಿಸಿಯೇ ಮೂಸೆಗೆ (ಲೋಹ ಕರಗಿಸುವ ಪಾತ್ರೆಗೆ) ಹಾಕಬೇಕು. ಎರಡನೇ ಸಲ ಲೋಹವನ್ನು ಸುಮ್ನೆ ಬಹಳ ಹೊತ್ತು ಕಾಯಿಸಿದೆ. ಕೊರೆದು ನೋಡಿದರೆ ಒಳಗೆಲ್ಲ ಮಂಡಕ್ಕಿ ಹಾಗೆ ತೂತು. ಬಿಸಿಯಾದ ಅಲ್ಯೂಮಿನಿಯಂ ಗಾಳಿಯ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಆರುವಾಗ ಬಿಡುತ್ತದೆ. ಬಿಸಿಲಲ್ಲಿ ಅದರ ಬಣ್ಣ ನೋಡಿ ಬಿಸಿ ಹೇಳೋಕಾಗಲ್ಲ. ಹಾಗಾಗಿ ಬಿಸಿ ಅಳೆಯುವ ಥರ್ಮೋಕಪಲ್ ತಂದೆ. ಮೂರನೇ ಸಲ 730 ಡಿಗ್ರಿಗೆ ಬಂದ ಕೂಡಲೇ ಮೇಲೆ ತೇಲುವ ಕಿಟ್ಟ ತೆಗೆದು, ಧಾರೆ ಕಡಿಯದಂತೆ ಒಂದೇ ಉಸಿರಿಗೆ ಹೊಯ್ದೆ.

ತೂತಿಗೆ ಅಜ್ಜನ ಉಪಾಯ ಹೀಗಿತ್ತು: ಸ್ಕ್ರೂಗಳ ತಲೆ ಕತ್ತರಿಸಿ, ಆ ತುದಿ ಚೂಪು ಮಾಡಿ, ಎಂಜಿನ್ನಿಗೆ ಹಾಕುವುದು. ಮೇಲೆ ಕವರಿಟ್ಟು ಮರದ ಸುತ್ತಿಗೆಯಲ್ಲಿ ತಟ್ಟಿದರೆ ಒಳಮೈ ಮೇಲೆ ಚುಕ್ಕೆ ಬೀಳುತ್ತದೆ. ಆ ಚುಕ್ಕೆಗಳಲ್ಲೇ ಕೊರೆದೆ. ಎಲ್ಲ ಸ್ಕ್ರೂಗಳೂ ಕೈಯಲ್ಲೇ ತಿರುಗಿಕೊಂಡು ಒಳಗೆ ಹೋದವು. ಆವತ್ತಿನ ಖುಷಿ ಇನ್ನೂ ಇಳಿದಿಲ್ಲ.

ಬಲಗಡೆ ಎಣ್ಣೆ ಇರುವುದಿಲ್ಲ, ಅದಕ್ಕೇ ಇಷ್ಟು ಧೈರ್ಯ ಮಾಡಿದೆ. ಎಡಗಡೆ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತದೆ, ಸೂಜಿ ಮೊನೆಯಷ್ಟು ತೂತಿದ್ದರೂ ಸೋರುತ್ತದೆ. ಆ ಕವರಿಗೆ ಇನ್ನೂ ಕೈ ಹಾಕಿಲ್ಲ.