ನನ್ನ ಪೆನ್ನು ನೋಡಿ ಮೇಡಂ ತಡವರಿಸಿದ ದಿನ

ಮುಖ್ಯ ಶಿಕ್ಷಕನಾದ ಮೊದಲೆರಡು ವರ್ಷ ನಾನು ಮಾಡಿದ್ದು ಗುಮಾಸ್ತನ ಕೆಲಸ. ಹಾಜರಿ ಪುಸ್ತಕ, ಸುತ್ತೋಲೆಗೆ ಉತ್ತರ, ಸೋರುವ ನಲ್ಲಿ, ಪೋರ್ಟಲ್‌ಗೆ ಅದೇ ಮಕ್ಕಳ ಅದೇ ವಿವರ ಮೂರನೇ ಸಲ. ಪಾಠ ಹೇಗೆ ನಡೀತಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಮೇಲಿನವರ ಮಾತು ಬದಲಾಯಿತು. ಮಕ್ಕಳ ಕಲಿಕೆಗೂ ನೀವೇ ಹೊಣೆ ಅಂದರು. ಹಳೇ ಕೆಲಸವೇನೂ ಕಡಿಮೆಯಾಗಲಿಲ್ಲ, ಬಿಡಿ. ಆಗ ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಜೊತೆಗಾರರ 2008ರ ಅಧ್ಯಯನದ ಬಗ್ಗೆ ಓದಿದೆ. ಶಾಲೆಯ ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಹೆಚ್ಚು ನೆರವಾಗೋದು ಯಾವುದು? ಶಿಕ್ಷಕರ ಕಲಿಕೆಗೆ ಒತ್ತು ಕೊಟ್ಟು, ಅದರಲ್ಲಿ ತಾವೂ ಸೇರಿಕೊಳ್ಳುವುದು. 'ಸೇರಿಕೊಳ್ಳುವುದು' ಅನ್ನೋ ಮಾತು ನನ್ನ ತಲೆಗೇ ಹೋಗಲಿಲ್ಲ. ನೋಟ್‌ಬುಕ್ ಹಿಡಿದು ತಪಾಸಣೆಗೆ ಹೊರಟೆ.

ಹಿಂದಿನ ಬೆಂಚಿನಲ್ಲಿ ಕೂತು ಬರೆಯತೊಡಗಿದೆ. ಮೇಡಂ ಬೋರ್ಡಿನಿಂದ ತಿರುಗಿ ನನ್ನ ಪೆನ್ನು ನೋಡಿದರು. ಮತ್ತೆ ನೋಡಿದರು. ಗೊತ್ತಿದ್ದ ಲೆಕ್ಕವೇ ತಪ್ಪಿತು. ಮಕ್ಕಳು ಪಿಸುಪಿಸು ಶುರು ಮಾಡಿದರು. ಆವತ್ತು ನಾನು ನೋಡಿದ್ದು ಪಾಠವನ್ನಲ್ಲ, ನನ್ನನ್ನು ಕಂಡು ಅವರಿಗಾದ ಭಯವನ್ನು.

ಮರುವಾರ ನನ್ನ ಗಣಿತದ ಕ್ಲಾಸಿಗೇ ಅವರನ್ನು ಕರೆದೆ.

"ಏನು ನೋಡ್ಲಿ ಸರ್?"

"ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯ್ತೀನಿ, ಅಷ್ಟೇ ನೋಡಿ ಮೇಡಂ."

ಇದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಗಮನಿಸಿದ ವಿಷಯ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ 1 ಸೆಕೆಂಡಿಗಿಂತ ಹೆಚ್ಚು ಕಾಯೋದಿಲ್ಲ. 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ನನಗೆ ಇದೆಲ್ಲ ಗೊತ್ತಿತ್ತು, ನೋಡಿ. ಕ್ಲಾಸ್ ಮುಗಿದ ಮೇಲೆ ಮೇಡಂ ಚೀಟಿ ಕೊಟ್ಟರು: 14 ಪ್ರಶ್ನೆ. 3 ಸೆಕೆಂಡ್ ಕಾದದ್ದು ಎರಡಕ್ಕೆ. ಐದಕ್ಕೆ ನಾನೇ ಉತ್ತರ ಹೇಳಿಬಿಟ್ಟಿದ್ದೆ! ಇಬ್ಬರೂ ಜೋರಾಗಿ ನಕ್ಕೆವು.

ಅಲ್ಲಿಂದ ಒಬ್ಬರ ಕ್ಲಾಸಿಗೆ ಒಬ್ಬರು ಹೋಗೋದು ಶುರುವಾಯಿತು. ಪ್ರತಿ ಸಲ ಒಂದೇ ವಿಷಯ ನೋಡೋದು, ಚೀಟಿ ಪಾಠ ಮಾಡಿದವರಿಗೇ ಕೊಡೋದು. ಫೈಲಿಗೆ ಹಾಕೋದಿಲ್ಲ. ವಾರಕ್ಕೆ ನಾಲ್ಕು ಪೀರಿಯಡ್ ಇದಕ್ಕೇ ಮೀಸಲಿಟ್ಟೆ. ಎರಡು ಸುತ್ತೋಲೆಗೆ ಉತ್ತರ ತಡವಾಗಿ ಬೈಸಿಕೊಂಡೆ. ಒಬ್ಬ ಹಿರಿಯ ಮೇಷ್ಟ್ರು ಇವತ್ತಿಗೂ ಯಾರನ್ನೂ ಒಳಗೆ ಬಿಟ್ಟುಕೊಳ್ಳೋದಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಮೊನ್ನೆ ಅದೇ ಮೇಡಂ ಬಾಗಿಲಲ್ಲಿ ನಿಂತು, "ಸರ್, ನಾಳೆ ಮೂರನೇ ಪೀರಿಯಡ್ ಬರ್ತೀರಾ? ಭಿನ್ನರಾಶಿ ಯಾಕೋ ಮಕ್ಕಳಿಗೆ ಹತ್ತುತ್ತಿಲ್ಲ" ಅಂದರು. ಆ ಹೊತ್ತಿಗೇ ಒಂದು ಆನ್‌ಲೈನ್ ಮೀಟಿಂಗ್ ಇತ್ತು. ಅದಕ್ಕೆ ಬೇರೆಯವರನ್ನು ಕೂರಿಸಿ ಹೋದೆ.