ಸಣ್ಣ ವಿಮಾನದ ಕರೆಂಟು ಕೈಕೊಟ್ಟಾಗ: ಬಿಚ್ಚುವ ಮೊದಲು ಅಳೆಯಿರಿ

ಹಾರಾಟದ ನಡುವೆ, ಕರೆಂಟಿನ ಹರಿವು ತೋರಿಸುವ ಆಮ್ಮೀಟರ್ ಮುಳ್ಳು ಅತ್ತಿಂದಿತ್ತ ತುಯ್ದಾಡತೊಡಗುತ್ತದೆ. ಇಳಿದ ಮೇಲೆ ಹ್ಯಾಂಗರಿನಲ್ಲಿ ಸಿಗುವ ಮೊದಲ ಸಲಹೆ, 'ಆಲ್ಟರ್ನೇಟರ್ ಬದಲಿಸಿಬಿಡಿ'. ಎಂಜಿನ್ ಓಡುವಾಗ ಕರೆಂಟು ತಯಾರಿಸುವ ಯಂತ್ರ ಅದು. ಹೊಸದು ಹಾಕಿದರೂ ಮುಳ್ಳು ನಿಲ್ಲುವುದಿಲ್ಲ. ಆಮೇಲೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್, ಅದಾದ ಮೇಲೆ ಬ್ಯಾಟರಿ. ದುಡ್ಡು ಕರಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಒಂದು ಸಡಿಲ ಟರ್ಮಿನಲ್, ತುಕ್ಕು ತಿಂದ ಗ್ರೌಂಡ್ (ಕರೆಂಟು ವಾಪಸ್ ಬರುವ ಜೋಡಣೆ) ಅಥವಾ ಸವೆದ ಸ್ವಿಚ್. ಅದನ್ನು ಹಿಡಿಯಲು ಒಂದು ಮಲ್ಟಿಮೀಟರ್, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ವೈರಿಂಗ್ ನಕ್ಷೆ ಮತ್ತು ತಾಳ್ಮೆ ಬೇಕು.

ಉದಾಹರಣೆಗೆ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳೋಣ. 1950ರ ದಶಕದಿಂದ ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತವರಿಗೂ ಇದು ಪರಿಚಿತ. ಹಳೆಯ ಮಾದರಿಗಳಲ್ಲಿ 12 ವೋಲ್ಟ್ ಬ್ಯಾಟರಿ, 14 ವೋಲ್ಟಿನ ವ್ಯವಸ್ಥೆ (ಬ್ಯಾಟರಿ ಚಾರ್ಜ್ ಆಗಲು ಅದಕ್ಕಿಂತ ತುಸು ಜಾಸ್ತಿ ವೋಲ್ಟೇಜ್ ಬೇಕು). 1978ರ ಮಾದರಿಯಿಂದ ಈಚೆಗೆ 24 ವೋಲ್ಟ್ ಬ್ಯಾಟರಿ, 28 ವೋಲ್ಟಿನ ವ್ಯವಸ್ಥೆ. ನಿಮ್ಮದು ಯಾವುದು ಎಂದು ಮೊದಲು ಖಚಿತ ಮಾಡಿಕೊಳ್ಳಿ.

ರಿಪೇರಿ ಯಾರು ಮಾಡಬಹುದು ಎಂಬುದೂ ಮೊದಲೇ ಗೊತ್ತಿರಲಿ. ಭಾರತದಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪರವಾನಗಿ ಇರುವ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್, ಸಹಿ ಹಾಕಬೇಕು. ಅಮೆರಿಕದಲ್ಲಿ ಸ್ವಂತ ವಿಮಾನ ಇಟ್ಟುಕೊಂಡ ಪೈಲಟ್, ಬ್ಯಾಟರಿ ಬದಲಿಸುವುದು, ಲ್ಯಾಂಡಿಂಗ್ ಲೈಟಿನ ತುಂಡಾದ ವೈರ್ ಸರಿಪಡಿಸುವುದು ಇಂಥ ಕೆಲವು ಕೆಲಸಗಳನ್ನು ತಾನೇ ಮಾಡಬಹುದು. ಉಳಿದದ್ದು ಮೆಕ್ಯಾನಿಕ್‌ನದು. ಆದರೆ ದೋಷದ ಲಕ್ಷಣಗಳನ್ನು ಸರಿಯಾಗಿ ಗಮನಿಸಿ ಹೇಳುವ ಮಾಲೀಕ ಸಿಕ್ಕರೆ ಎಂಜಿನಿಯರ್‌ನ ಅರ್ಧ ಕೆಲಸ ಮುಗಿದಂತೆ.

ಮೊದಲ ಹಂತ: ಗಾಳಿಯಲ್ಲಿದ್ದಾಗ

ಗಾಬರಿ ಬೇಡ. ಈ ಎಂಜಿನ್ನಿನ ಕಿಡಿ ಬರುವುದು, ಎಂಜಿನ್ ತಿರುಗಿದಂತೆ ತಾವೇ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊಗಳಿಂದ. ಅವಕ್ಕೆ ಬ್ಯಾಟರಿಯೂ ಬೇಡ, ಆಲ್ಟರ್ನೇಟರೂ ಬೇಡ. ಕರೆಂಟು ಪೂರ್ತಿ ಹೋದರೂ ಎಂಜಿನ್ ಓಡುತ್ತಲೇ ಇರುತ್ತದೆ. ವಿಮಾನದ ಕೈಪಿಡಿಯಲ್ಲಿ ಹೇಳಿರುವಂತೆ ಆಲ್ಟರ್ನೇಟರ್ ಬ್ರೇಕರ್ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಗುಂಡಿ) ನೋಡಿ, ಮಾಸ್ಟರ್ ಸ್ವಿಚ್ಚಿನ ಎರಡು ಭಾಗಗಳಲ್ಲಿ, ಬ್ಯಾಟರಿಯದನ್ನು ಬಿಟ್ಟು, ಆಲ್ಟರ್ನೇಟರ್ ಭಾಗವನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ಸರಿಹೋಗದಿದ್ದರೆ ಅದನ್ನು ಆಫ್ ಇಟ್ಟು, ಬೇಡದ ಲೈಟು, ರೇಡಿಯೊ ಎಲ್ಲ ಆರಿಸಿ, ಹತ್ತಿರದ ನಿಲ್ದಾಣದಲ್ಲಿ ಇಳಿಯಿರಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎನ್ನುವುದು ಅದರ ವಯಸ್ಸು ಮತ್ತು ನೀವು ಹಾಕಿರುವ ಲೋಡ್ ಮೇಲೆ ನಿಂತಿದೆ. ಇಳಿಯುವಾಗ ರೆಕ್ಕೆಯ ಹಿಂದೆ ಕೆಳಗೆ ಬಾಗುವ ಹಲಗೆಗಳಾದ ಫ್ಲಾಪ್‌ಗಳ ಮೋಟಾರ್ ಕರೆಂಟಿನದು. ಹಾಗಾಗಿ ಫ್ಲಾಪ್ ಇಲ್ಲದೆ ಇಳಿಯಲು ಮನಸ್ಸಿನಲ್ಲೇ ತಯಾರಾಗಿ.

ಸುಟ್ಟ ವಾಸನೆ ಬಂದರೆ ಲೆಕ್ಕವೇ ಬೇರೆ. ಮಾಸ್ಟರ್ ಆಫ್ ಮಾಡಿ, ಬೆಂಕಿಯ ಚೆಕ್‌ಲಿಸ್ಟ್ ಶುರು ಮಾಡಿ. ಸಿಡಿದ ಬ್ರೇಕರನ್ನು ಮತ್ತೆ ಮತ್ತೆ ಒತ್ತಲೇಬೇಡಿ. 2007ರ ಜುಲೈ 10ರಂದು ಅಮೆರಿಕದ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಒಂದು ಸೆಸ್ನಾ 310 ಮನೆಗಳ ಮೇಲೆ ಬಿದ್ದು ಐವರು ಸತ್ತರು. ಹಿಂದಿನ ದಿನ ಅದೇ ವಿಮಾನದಲ್ಲಿ ಸುಟ್ಟ ವಾಸನೆ ಬಂದಿತ್ತು. ಆಗಿನ ಪೈಲಟ್ ಹವಾಮಾನ ರೇಡಾರ್ ಆಫ್ ಮಾಡಿ, ಅದರ ಬ್ರೇಕರ್ ಎಳೆದು, ತೊಂದರೆಯನ್ನು ಬರೆದೂ ಇಟ್ಟಿದ್ದರು. ಅದನ್ನು ಸರಿಪಡಿಸದೆಯೇ ವಿಮಾನ ಮತ್ತೆ ಹಾರಿತು. ಬರೆದಿಟ್ಟ ಒಂದು ಸಾಲನ್ನು ಓದಿ ವಿಮಾನವನ್ನು ನೆಲದಲ್ಲೇ ನಿಲ್ಲಿಸಿದ್ದರೆ ಆ ಐವರು ಉಳಿಯುತ್ತಿದ್ದರು ಎಂದು ನೆನೆದರೆ ಸಂಕಟವಾಗುತ್ತದೆ.

ಎರಡನೇ ಹಂತ: ಏನೇನು ಸತ್ತಿದೆ, ಪಟ್ಟಿ ಮಾಡಿ

ನೆಲದ ಮೇಲೆ ಕೆಲಸ ಶುರು ಮಾಡುವ ಮೊದಲು ಮ್ಯಾಗ್ನೆಟೊ ಆಫ್, ಕೀಲಿ ಜೇಬಿನಲ್ಲಿ, ಇಂಧನ ನಿಯಂತ್ರಿಸುವ ಮಿಕ್ಸ್ಚರ್ ಹಿಡಿ ಪೂರ್ತಿ ಹೊರಗೆ. ಆದರೂ ಪ್ರೊಪೆಲ್ಲರ್ ತಿರುಗುವ ದಾರಿಯಲ್ಲಿ ನಿಲ್ಲಬೇಡಿ.

ಮಾಸ್ಟರ್ ಆನ್ ಮಾಡಿದಾಗ 'ಟಕ್' ಅನ್ನುವ ಸದ್ದು ಕೇಳಿತಾ? ಅದು ಬ್ಯಾಟರಿಯನ್ನು ವಿಮಾನದ ವೈರಿಂಗ್‌ಗೆ ಜೋಡಿಸುವ ದೊಡ್ಡ ರಿಲೇ, ಮಾಸ್ಟರ್ ಕಾಂಟ್ಯಾಕ್ಟರ್. ಸದ್ದೂ ಇಲ್ಲ, ಏನೂ ಹತ್ತುತ್ತಿಲ್ಲ ಎಂದರೆ ಬ್ಯಾಟರಿ, ಕಾಂಟ್ಯಾಕ್ಟರ್, ಸ್ವಿಚ್ ಕಡೆಗೆ ನೋಡಿ. ಒಂದೇ ಉಪಕರಣ ಸತ್ತಿದ್ದರೆ ಅದರ ಬ್ರೇಕರ್, ವೈರು, ಗ್ರೌಂಡ್ ಪರೀಕ್ಷಿಸಿ. ಹಲವು ಉಪಕರಣಗಳು ಒಟ್ಟಿಗೆ ಹೋಗಿದ್ದರೆ ನಕ್ಷೆ ಬಿಚ್ಚಿ, ಅವೆಲ್ಲಕ್ಕೂ ಸಮಾನವಾಗಿರುವುದು ಏನು ಎಂದು ಹುಡುಕಿ.

ಮೂರನೇ ಹಂತ: ಬ್ಯಾಟರಿ

ಕೆಲವು ಗಂಟೆ ಸುಮ್ನೆ ಬಿಟ್ಟ 12 ವೋಲ್ಟ್ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. 24 ವೋಲ್ಟಿನದಾದರೆ 25.2ರ ಮೇಲೆ. ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ವೋಲ್ಟೇಜ್ ಸರಸರ ಜಾರಿದರೆ ಬ್ಯಾಟರಿಗೆ ಸಾಮರ್ಥ್ಯ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು. ಆಲ್ಟರ್ನೇಟರ್ ಕೆಲಸ ಶುರು ಮಾಡಲು ಕಾಂತಶಕ್ತಿ ಹುಟ್ಟಿಸುವ ಅದರ ಫೀಲ್ಡ್ ಸುರುಳಿಗೆ ಬ್ಯಾಟರಿಯಿಂದ ಕರೆಂಟು ಹೋಗಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಒಳ್ಳೆಯ ಆಲ್ಟರ್ನೇಟರೂ ಏಳುವುದಿಲ್ಲ.

ನಾಲ್ಕನೇ ಹಂತ: ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆ?

ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿಗೇ. ತುಂಬ ಜನ ಮಲ್ಟಿಮೀಟರನ್ನು ಓಮ್ ಮೇಲೆ ಇಟ್ಟು, ವೈರಿನ ಎರಡೂ ತುದಿ ಮುಟ್ಟಿಸಿ, ಸೊನ್ನೆ ಬಂದರೆ ವೈರ್ ಸರಿ ಇದೆ ಎಂದು ಮುಂದೆ ಹೋಗುತ್ತಾರೆ. ಎಲ್ಲ ಎಳೆ ಕಡಿದು ಒಂದೇ ಎಳೆ ಉಳಿದಿದ್ದರೂ ಮೀಟರ್ ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸುತ್ತದೆ. ಅದು ಹರಿಸುವ ಕರೆಂಟು ಅಷ್ಟು ಕಡಿಮೆ. ಹಳ್ಳಿಮನೆಯಲ್ಲಿ ಪಂಪ್‌ಸೆಟ್ ಚಾಲೂ ಆದಾಗಲೇ ಬಲ್ಬ್ ಮಂಕಾಗುವುದು, ಅಲ್ವಾ? ಹಾಗೆಯೇ ಲೋಡ್ ಇದ್ದಾಗ ಮಾತ್ರ ಈ ದೋಷ ಕಾಣಿಸುತ್ತದೆ.

ಮುಳ್ಳು ತುಯ್ದಾಡುವ ವಿಮಾನದಲ್ಲಿ ಹೀಗೆ ಮಾಡಿ. ಎಂಜಿನ್ ನಿಂತಿರಲಿ, ಮಾಸ್ಟರ್ ಸ್ವಿಚ್ಚಿನ ಎರಡೂ ಭಾಗ ಆನ್ ಇರಲಿ. ಈಗ ಫೀಲ್ಡ್ ದಾರಿಯಲ್ಲಿ ಒಂದೆರಡು ಆಂಪಿಯರ್ ಹರಿಯುತ್ತಿರುತ್ತದೆ. ಮೀಟರನ್ನು ಡಿಸಿ ವೋಲ್ಟ್ ಮೇಲೆ ಇಟ್ಟು, ಕೆಂಪು ಕಡ್ಡಿಯನ್ನು ಬಸ್ ಬಾರಿಗೂ (ಎಲ್ಲ ಉಪಕರಣಗಳಿಗೂ ಕರೆಂಟು ಹಂಚುವ ಲೋಹದ ಪಟ್ಟಿ, ಚಿಕ್ಕದಾಗಿ 'ಬಸ್') ಕಪ್ಪು ಕಡ್ಡಿಯನ್ನು ರೆಗ್ಯುಲೇಟರಿಗೆ ಕರೆಂಟು ಬರುವ ಟರ್ಮಿನಲ್ಲಿಗೂ ತಾಗಿಸಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಒಂದೆರಡು ಹತ್ತಾಂಶವಾದರೆ ಪರವಾಗಿಲ್ಲ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ಆಮೇಲೆ ಬ್ರೇಕರಿನ ಎರಡು ತುದಿ, ಸ್ವಿಚ್ಚಿನ ಎರಡು ತುದಿ, ಪ್ರತಿಯೊಂದು ಕನೆಕ್ಟರ್ ಹೀಗೆ ಒಂದೊಂದನ್ನೇ ಅಳೆಯುತ್ತ ಬನ್ನಿ. ಹಳೆಯ ಸೆಸ್ನಾಗಳಲ್ಲಿ ಮಾಸ್ಟರ್ ಸ್ವಿಚ್ಚೇ ಸವೆದು ಸಿಕ್ಕಿಬೀಳುವುದು ಹೊಸದೇನಲ್ಲ.

ಇಷ್ಟು ಸಣ್ಣ ನಷ್ಟಕ್ಕೆ ಮುಳ್ಳು ಏಕೆ ತುಯ್ಯಬೇಕು? ಈ ರೆಗ್ಯುಲೇಟರ್ ಬಸ್ಸಿನ ವೋಲ್ಟೇಜನ್ನು ತಿಳಿಯುವುದೂ ಫೀಲ್ಡಿಗೆ ಕರೆಂಟು ಕಳಿಸುವುದೂ ಒಂದೇ ವೈರಿನಿಂದ. ಫೀಲ್ಡಿಗೆ ಕರೆಂಟು ಹರಿದ ಕೂಡಲೇ ಆ ದಾರಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ರೆಗ್ಯುಲೇಟರ್ 'ಇನ್ನೂ ಸಾಲದು' ಎಂದುಕೊಂಡು ಫೀಲ್ಡ್ ಏರಿಸುತ್ತದೆ. ಬಸ್ ವೋಲ್ಟೇಜ್ ಮೇಲೇರಿದಾಗ ಫೀಲ್ಡ್ ಕಡಿಯುತ್ತದೆ. ಕಡಿದ ತಕ್ಷಣ ವೈರಿನ ನಷ್ಟ ಮಾಯವಾಗಿ ವೋಲ್ಟೇಜ್ ಇನ್ನೂ ಜಾಸ್ತಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಬಸ್ ಇಳಿಯುತ್ತದೆ, ಮತ್ತೆ ಅದೇ ಆಟ. ಇಲ್ಲಿ ಹೊಸ ಆಲ್ಟರ್ನೇಟರ್ ಹಾಕಿದರೆ ಏನು ಬದಲಾಗುತ್ತದೆ ಹೇಳಿ?

ಐದನೇ ಹಂತ: ಗ್ರೌಂಡ್

ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ಕರೆಂಟು ವಾಪಸ್ ಬರಲು ಎಂಜಿನ್ನಿನಿಂದ ವಿಮಾನದ ಮೈಗೆ ಒಂದು ಗ್ರೌಂಡ್ ಪಟ್ಟಿ ಇರುತ್ತದೆ. ಅದು ಕಡಿದರೆ ಸ್ಟಾರ್ಟರಿನ ಭಾರಿ ಕರೆಂಟು ಥ್ರಾಟಲ್, ಮಿಕ್ಸ್ಚರ್ ಕೇಬಲ್‌ಗಳ ಮೂಲಕ ದಾರಿ ಹುಡುಕುತ್ತದೆ. ಸ್ಟಾರ್ಟ್ ಮಾಡುವಾಗ ಆ ಹಿಡಿಗಳು ಬಿಸಿಯಾದರೆ ವಿಮಾನವನ್ನು ಅಲ್ಲೇ ನಿಲ್ಲಿಸಿ. ಅಲ್ಯೂಮಿನಿಯಂ ಮೇಲಿನ ಗ್ರೌಂಡ್ ಜಾಗ ಹೊರಗಿನಿಂದ ಚೆಂದ ಕಂಡರೂ ಒಳಗೆ ತುಕ್ಕು ಇರಬಹುದು. ಬಿಚ್ಚಿ, ಉಜ್ಜಿ, ತುಕ್ಕು ತಡೆಯುವ ಲೇಪನ ಹಚ್ಚಿ, ಬಿಗಿಯಾಗಿ ಕೂರಿಸಬೇಕು.

ಆರನೇ ಹಂತ: ಈಗ ಆಲ್ಟರ್ನೇಟರ್

ಮೊದಲು ಬೆಲ್ಟಿನ ಬಿಗಿ ನೋಡಿ. ಹೆಡ್‌ಸೆಟ್ಟಿನಲ್ಲಿ ಎಂಜಿನ್ ವೇಗದ ಜೊತೆಗೆ ಏರಿಳಿಯುವ ಕೀರಲು ಸದ್ದಿದ್ದರೆ ಒಳಗೆ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಹೋಗಿರಬಹುದು. ಎಂಜಿನ್ ಓಡಿಸಿ, ಕ್ಯಾಬಿನ್ನಿನೊಳಗಿನ ಬಸ್ಸಿನಲ್ಲಿ ಮೀಟರನ್ನು ಎಸಿ ವೋಲ್ಟ್ ಮೇಲೆ ಇಟ್ಟು ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಕಂಡರೆ ಸಂಶಯ ಬಲವಾಗುತ್ತದೆ.

ರಿಪೇರಿ ಮುಗಿದ ಮೇಲೆ ಎಂಜಿನ್ನನ್ನು 1500 ಆರ್‌ಪಿಎಂ ಸುಮಾರಿಗೆ ಓಡಿಸಿ, ಲೈಟು, ರೇಡಿಯೊ ಎಲ್ಲ ಹಾಕಿ ಬಸ್ ವೋಲ್ಟೇಜ್ ಅಳೆಯಿರಿ. 12 ವೋಲ್ಟ್ ಬ್ಯಾಟರಿಯ ವಿಮಾನದಲ್ಲಿ 14ರ, 24 ವೋಲ್ಟಿನದರಲ್ಲಿ 28ರ ಆಸುಪಾಸು ಅಲುಗಾಡದೆ ನಿಲ್ಲಬೇಕು. ಆ ಅಂಕಿಯನ್ನೂ, ಫೀಲ್ಡ್ ದಾರಿಯಲ್ಲಿ ಈಗ ಉಳಿದಿರುವ ನಷ್ಟವನ್ನೂ ತಾರೀಖಿನ ಜೊತೆ ಲಾಗ್‌ಬುಕ್ಕಿನಲ್ಲಿ ಬರೆಸಿ. ಮುಂದಿನ ವಾರ್ಷಿಕ ತಪಾಸಣೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಅಳೆಸಿದರೆ ಸ್ವಿಚ್ಚು ಸವೆಯುತ್ತಿದೆಯೇ ಎಂಬುದು ಮುಳ್ಳು ಅಲುಗುವ ಮೊದಲೇ ಗೊತ್ತಾಗುತ್ತದೆ.