ಒಂದೇ ಮೇಜು, ಎರಡು ಕುರ್ಚಿ, ಒಂದು ಬಾಟಲಿ ತೊಗರಿ

"ನಮ್ಮ ಹುಡುಗಂದು ಹೊಟ್ಟಿ ಕೆಟ್ಟದ್ರಿ ಮೇಡಂ, ತಲಿ ಕೆಟ್ಟಿಲ್ಲ." ನಾಲ್ಕು ವರ್ಷದ ಹಿಂದೆ ಕಲಬುರಗಿಯಲ್ಲಿ ಒಬ್ಬ ತಂದೆ ಹೀಗಂದು ನನ್ನ ಕೋಣೆಯಿಂದ ಎದ್ದು ಹೋದ. ಅವನನ್ನು ನನ್ನ ಹತ್ತಿರ ಕಳಿಸಿದ್ದ ಮಕ್ಕಳ ಡಾಕ್ಟರಿಗೂ ನಂಬಿಕೆ ಇರಲಿಲ್ಲ. ಮಲಬದ್ಧತೆಗೆ ಸೈಕಾಲಜಿಸ್ಟ್ ಯಾಕೆ, ಸಿರಪ್ ಸಾಕಲ್ವಾ ಅಂತ ನಕ್ಕಿದ್ದರು. ಈಗ ಅದೇ ಡಾಕ್ಟರು ಮಗುವಿನ ಹೊಟ್ಟೆ ಮುಟ್ಟುವ ಮೊದಲೇ "ತೊಗರಿ ಎಷ್ಟಾಯ್ತು?" ಅಂತ ಕೇಳುತ್ತಾರೆ.

ಮಲಬದ್ಧತೆ ಗುರುತಿಸುವ ರೋಮ್ 4 ಮಾನದಂಡ, ಮಲದ ಗಟ್ಟಿತನ ನೋಡುವ ಬ್ರಿಸ್ಟಲ್ ಚಾರ್ಟ್ ಇವನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ನೇರವಾಗಿ ನಮ್ಮ ತಪ್ಪುಗಳಿಗೆ ಬರುತ್ತೇನೆ.

ಮೊದಲ ತಪ್ಪು ನನ್ನದು. ಎಂಟು ವರ್ಷದ ಹುಡುಗ, ಶಾಲೆಯಲ್ಲಿ ಚಡ್ಡಿಯಲ್ಲೇ ಆಗುತ್ತಿತ್ತು. ಮನೆಯವರು ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಔಷಧಿಯನ್ನೇ ಕುಡಿಸಿದ್ದರು. ನಾನು ಶಾಲೆಯ ಭಯ ಅಂದುಕೊಂಡೆ. ಆರು ವಾರ ಕೂತು ಕೆಲಸ ಮಾಡಿದೆ. ಭಯ ಹೋಯಿತು, ಚಡ್ಡಿ ಹಾಗೇ ಇತ್ತು. ಡಾಕ್ಟರು ಹೊಟ್ಟೆ ಒತ್ತಿದರೆ ಹೊಕ್ಕುಳದ ತನಕ ಗಟ್ಟಿ ಉಂಡೆ. ತುಂಬಿದ್ದರ ಪಕ್ಕದಿಂದ ತೆಳ್ಳಗೆ ಸೋರುತ್ತಿತ್ತು, ಅಷ್ಟೇ.

ಆದರೆ ಡಾಕ್ಟರೇನೂ ಗೆದ್ದಿರಲಿಲ್ಲ. ಮಲ ಮೆತ್ತಗೆ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ಔಷಧಿ ಕೊಟ್ಟು ಆರು ದಿನದಲ್ಲಿ ಹೊಟ್ಟೆ ಖಾಲಿ ಮಾಡಿಸಿ ಕಳಿಸುತ್ತಿದ್ದರು. ಮೂರು ವಾರಕ್ಕೆ ಅದೇ ಮಗು, ಅದೇ ಉಂಡೆ. ಒಮ್ಮೆ ನೋವಾದ ಮಗು ಹೆದರಿ ತಡೆದುಕೊಳ್ಳುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಅವರದು ಅರ್ಧ ಕೆಲಸ, ನನ್ನದು ಅರ್ಧ.

ಸರಿ, ಎರಡೂ ಸೇರಿದರೆ ಏನಾಗುತ್ತದೆ ಅಂತ ಜೊತೆಗೆ ಸಂಶೋಧನೆ ಮಾಡೋಣ ಅಂತ ಶುರು ಮಾಡಿದೆವು. ಅವರು ಕೆಳಗಿನ ಓಪಿಡಿಯಿಂದ ಚೀಟಿ ಬರೆದು ಕಳಿಸುವುದು, ನಾನು ಮೇಲೆ ನೋಡುವುದು. ಹನ್ನೊಂದೋ ಹನ್ನೆರಡೋ ಚೀಟಿ ಹೋದವು, ಒಳಗೆ ಬಂದವರು ಇಬ್ಬರು. ಉಳಿದವರು ಬಾಗಿಲ ಮೇಲೆ ಸೈಕಾಲಜಿಸ್ಟ್ ಅನ್ನುವ ಬೋರ್ಡ್ ಓದಿ ವಾಪಸ್ ಹೋಗುತ್ತಿದ್ದರು. ಕೊನೆಗೆ ನಾನೇ ಕೆಳಗಿಳಿದೆ. ಕುರ್ಚಿ ಕೇಳಿದರೆ ಕೊಡಲಿಲ್ಲ. 450 ರೂಪಾಯಿಯ ಪ್ಲಾಸ್ಟಿಕ್ ಕುರ್ಚಿ ತಂದು ಹಿಂದೆ ಹೆಸರು ಬರೆಸಿದೆ, ಇಲ್ಲದಿದ್ದರೆ ಮಾಯವಾಗುತ್ತದೆ. ಒಂದೇ ಮೇಜು, ಒಂದೇ ಫೈಲ್. ಯಾರು ಯಾವ ಡಾಕ್ಟರು ಅಂತ ಆಮೇಲೆ ಯಾರೂ ಕೇಳಲಿಲ್ಲ. ಜಗಳ ಆಗಿದ್ದು ಬರವಣಿಗೆಗೆ. ನಾನು ಎರಡು ಪುಟ ಬರೆಯುತ್ತಿದ್ದೆ, ಅವರು ನಾಲ್ಕು ಸಾಲು ಸಾಕು ಅನ್ನುತ್ತಿದ್ದರು. ಈಗ ನಾಲ್ಕೇ ಸಾಲು ಬರೆಯುತ್ತೇನೆ. ಒಪ್ಪಿಕೊಳ್ಳಲು ಬೇಜಾರು, ಆದರೆ ಅದೇ ಸರಿ.

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ನಮ್ಮ ಅರ್ಜಿಯನ್ನು ಎರಡು ಸಲ ವಾಪಸ್ ಕಳಿಸಿತು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ನಿಯಮದಂತೆ ಏಳರಿಂದ ಹನ್ನೆರಡರ ಮಕ್ಕಳ ಬಾಯಿಮಾತಿನ ಒಪ್ಪಿಗೆ, ಅದಕ್ಕೂ ದೊಡ್ಡವರದ್ದು ಬರಹದಲ್ಲಿ. ಅದು ಸುಲಭ. ಹೆಬ್ಬೆಟ್ಟು ಒತ್ತುವ ತಾಯಿಗೆ ನಮ್ಮ ಕಡೆಯವರಲ್ಲದ ಸಾಕ್ಷಿ ಹುಡುಕುವುದರಲ್ಲಿ ಸುಸ್ತಾದೆವು. ಮುಂದಿನ ಪೇಷಂಟಿನ ಓದುಬಲ್ಲ ಚಿಕ್ಕಪ್ಪ, ಸೋದರಮಾವ, ಸಿಕ್ಕವರನ್ನೆಲ್ಲ ಕರೆದಿದ್ದೇವೆ.

ಮೊದಲ ಮೂವತ್ತು ಪ್ರಶ್ನಾವಳಿ ರದ್ದಿಗೆ ಹೋದವು. 'ಮಲವಿಸರ್ಜನೆಯ ವೇಳೆ ಆತಂಕ' ಅಂತ ಕೇಳಿದರೆ ಜೇವರ್ಗಿಯ ತಾಯಿ ಏನು ಹೇಳಬೇಕು? "ಸಂಡಾಸಿಗಿ ಕುಂತಾಗ ಅಂಜ್ತಾನೇನು?" ಅಂತ ಬದಲಿಸಿದೆವು. ಇಲ್ಲಿಯ ದಖನಿ ಉರ್ದುವಿನಲ್ಲೂ ಒಂದು ಮಾಡಿಸಿದೆವು. ತಾಂಡಾದಿಂದ ಬರುವವರಿಗೆ ಲಂಬಾಣಿ ಗೊತ್ತಿರುವ ಆಯಾ ಒಬ್ಬರೇ ಗತಿ.

ದುಡ್ಡು. ಅನುದಾನ ಬರಲಿಲ್ಲ. ಮೊದಲ ವರ್ಷ ಇಬ್ಬರ ಜೇಬಿನಿಂದ ಐವತ್ತು ಅರವತ್ತು ಸಾವಿರ ಹೋಗಿರಬೇಕು, ಜಾಸ್ತಿ ಬಸ್ ಚಾರ್ಜಿಗೇ. ಆಮೇಲೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ತಾಯಂದಿರಿಗೆ ಟಿಕೆಟ್ ಇಲ್ಲ. ಖರ್ಚು ಇಳಿಯುತ್ತದೆ ಅಂತ ಗೊತ್ತಿತ್ತು. ಮಾಹಿತಿ ಸುಧಾರಿಸುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಮೊದಲು ಮಗುವನ್ನು ಅಪ್ಪ ಕರೆತರುತ್ತಿದ್ದ. ವಾರಕ್ಕೆ ಎಷ್ಟು ಚಡ್ಡಿ ಕೊಳೆಯಾದವು ಅಂದರೆ "ಒಂದೆರಡು ಇರಬೇಕ್ರಿ" ಅನ್ನುತ್ತಿದ್ದ. ತಾಯಿ "ಒಂಬತ್ತು" ಅನ್ನುತ್ತಾಳೆ. ಒಗೆಯುವವಳು ಅವಳೇ ಅಲ್ವಾ! ಹಳೆ ಅಂಕಿ ಎಷ್ಟೋ ಬಿಟ್ಟುಬಿಡಬೇಕಾಯಿತು.

ತೊಗರಿ ನನ್ನ ಐಡಿಯಾ. ಸ್ಟಿಕ್ಕರ್ ಚಾರ್ಟ್ ಮಾಡಿಸಿದ್ದೆವು, ಗೋಡೆ ಮೇಲೆ ಒಂದು ತಿಂಗಳೂ ನಿಲ್ಲಲಿಲ್ಲ. ಕಲಬುರಗಿಯಲ್ಲಿ ತೊಗರಿ ಇಲ್ಲದ ಮನೆ ಯಾವುದು? ಊಟ ಆದ ಮೇಲೆ ಐದು ಹತ್ತು ನಿಮಿಷ ಕೂತರೆ ಬಾಟಲಿಗೆ ಒಂದು ಕಾಳು. ಕೂತದ್ದಕ್ಕೆ ಕಾಳು, ಆದದ್ದಕ್ಕಲ್ಲ. ಇದನ್ನು ಮನೆಯವರ ತಲೆಗೆ ಹಾಕುವುದೇ ಕಷ್ಟ. ಮುಂದಿನ ಭೇಟಿಯಲ್ಲಿ ಬಾಟಲಿ ಸುರಿದು ಎಣಿಸಿದರೆ ನಮ್ಮ ಅಂಕಿ ಸಿದ್ಧ. ಒಂದು ಮನೆಯಲ್ಲಿ ಅಜ್ಜಿ ಆ ಕಾಳನ್ನು ಬೇಯಿಸಿಬಿಟ್ಟಳು. ಆ ತಿಂಗಳ ಮಾಹಿತಿ ಹೋಯಿತು.

ಬೆಳಗಿನ ಹೊತ್ತು ಕೂರಿಸಿ ಅಂದಿದ್ದೆವು. ರಾಶಿ ಕಾಲದಲ್ಲಿ ತಾಯಿ ಏಳಕ್ಕೇ ಹೊಲಕ್ಕೆ ಹೋಗಿರುತ್ತಾಳೆ, ನೋಡುವವರಿಲ್ಲ. ರಾತ್ರಿ ಊಟದ ನಂತರಕ್ಕೆ ಬದಲಿಸಿದ ಮೇಲೆ ಬಾಟಲಿ ತುಂಬತೊಡಗಿತು. ಕಮೋಡ್ ಇರುವ ಮನೆಗಳಲ್ಲಿ ಕಾಲು ತೂಗಾಡುತ್ತದೆ, ಕೆಳಗೆ ಮಣೆ ಇಡಿಸಿದೆವು. ಹೊಟ್ಟೆಯಿಂದ ಒತ್ತುವುದು ಕಲಿಯಲಿ ಅಂತ ಬಲೂನು ಊದಿಸುವುದನ್ನೂ ಮಾಡಿ ನೋಡಿದೆ. ಚಿಕ್ಕವರು ಬಲೂನನ್ನೇ ಆಡುತ್ತಾ ಕೂತರು.

ನಡುವೆ ಒಂದು ಹುಚ್ಚು ಪ್ರಯೋಗ. ಬೇಸಿಗೆಯಲ್ಲಿ ಹತ್ತು ಮಕ್ಕಳಿಗೆ ಗೆರೆ ಎಳೆದ ನೀರಿನ ಬಾಟಲಿ ಕೊಟ್ಟು ಇಷ್ಟು ಕುಡಿಯಲೇಬೇಕು ಅಂದೆ. ಏನೂ ವ್ಯತ್ಯಾಸ ಆಗಲಿಲ್ಲ. ಸಾಮಾನ್ಯಕ್ಕಿಂತ ಜಾಸ್ತಿ ನೀರು, ಜಾಸ್ತಿ ನಾರು ಬೇಕಿಲ್ಲ ಅಂತ 2014ರ ಯುರೋಪ್, ಅಮೆರಿಕದ ಮಾರ್ಗಸೂಚಿಯಲ್ಲೇ ಇದೆ ಅಂತ ಡಾಕ್ಟರು ಆಮೇಲೆ ತೋರಿಸಿದರು. ಮೊದಲೇ ಹೇಳಬಾರದಿತ್ತೇ!

ಒಟ್ಟು ಅರವತ್ತರ ಹತ್ತಿರ ಮಕ್ಕಳು ಸೇರಿದರು. ಆರು ತಿಂಗಳು ಉಳಿದವರು ನಲವತ್ತೈದು ಇರಬಹುದು. ಬಿಟ್ಟವರು ಹೆಚ್ಚಾಗಿ ಪುಣೆ, ಮುಂಬೈಗೆ ದುಡಿಯಲು ಹೋದ ಮನೆಯವರು. ಉಳಿದವರಲ್ಲಿ ಮೂವತ್ತು ಚಿಲ್ಲರೆ ಮಕ್ಕಳ ಚಡ್ಡಿ ಸ್ವಚ್ಛ. ಬರೀ ಸಿರಪ್ ಕೊಟ್ಟಿದ್ದ ಹಳೆ ಫೈಲ್‌ಗಳಲ್ಲಿ ಅರ್ಧವೂ ಹೀಗಿರಲಿಲ್ಲ. ಹಳೆ ಫೈಲ್ ಜೊತೆಗಿನ ಹೋಲಿಕೆ ಗಟ್ಟಿಯಲ್ಲ ಅನ್ನುವುದು ನನಗೂ ಗೊತ್ತು. ಆದರೆ ನಕ್ಕವರು ಈಗ ಫಾರ್ಮ್ ಕೇಳಿ ಫೋನ್ ಮಾಡುತ್ತಿದ್ದಾರೆ. ಫಾರ್ಮ್ ಕೊಡುತ್ತೇನೆ. ಬಾಯಿ ಬಿಡದ ಮಗುವಿಂದ ಮೊದಲ ಮಾತು ಹೇಗೆ ಹೊರಡಿಸುತ್ತೇನೆ ಅನ್ನುವುದನ್ನು ಮಾತ್ರ ನಮ್ಮ ಸಂಶೋಧನಾ ಪೇಪರ್ ಅಚ್ಚಾಗುವ ತನಕ ಹೇಳುವುದಿಲ್ಲ.

ಪೇಪರಿನಲ್ಲಿ ಯಾರ ಹೆಸರು ಮೊದಲು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಅದಕ್ಕೂ ಮೊದಲು ಯಾದಗಿರಿ ಕಡೆ ಎರಡನೇ ಗುಂಪು ಶುರುವಾಗಬೇಕು. ಗುರುಮಠಕಲ್ ಭಾಗಕ್ಕೆ ತೆಲುಗು ಫಾರ್ಮ್ ಬೇಕು. ಐದು ಕಿಲೋ ತೊಗರಿ ತಂದಿಟ್ಟಿದ್ದೇನೆ, ಕುರ್ಚಿಯನ್ನು ಮಾತ್ರ ಇಲ್ಲಿಂದಲೇ ಒಯ್ಯಬೇಕು.